ಲೇಸರ್ ಲೆವೆಲರ್ ಕೈಕೊಟ್ಟಾಗ: ಟ್ರ್ಯಾಕ್ಟರ್ ಓಡಿಸುವ ತಮ್ಮನಿಗೆ ಕಿವಿಮಾತು

ತಮ್ಮಾ, ಭತ್ತ ಕೊಯ್ದು ಗದ್ದೆ ಬಯಲಾದ ಕೂಡಲೇ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ನಿನಗೆ ಕೈತುಂಬ ಕೆಲಸ. ಕಾಲುವೆಗೆ ನೀರು ಬಿಡುವುದರೊಳಗೆ ಹೊಲ ಮಟ್ಟ ಆಗಬೇಕು ಅಂತ ರೈತ ಅವಸರ ಮಾಡುತ್ತಾನೆ. ಲೇಸರ್ ಲೆವೆಲರ್ ಕೈಕೊಡುವುದೂ ಅಂಥ ಹೊತ್ತಿನಲ್ಲೇ. ಮಣ್ಣು ಕೆತ್ತಿ ಎಳೆಯುವ ಬಕೆಟ್ ಏಳುವುದಿಲ್ಲ, ಇಲ್ಲವೇ ಇಳಿಯುವುದಿಲ್ಲ, ಇಲ್ಲವೇ ಒಂದೇ ಸಮನೆ ಏರಿಳಿಯುತ್ತದೆ. ಆಗ ಪಾನಾ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಲು ಹೊರಡಬೇಡ. ತಪ್ಪು ಎಲ್ಲಿದೆ ಎಂದು ಗೊತ್ತು ಮಾಡಿಕೊಂಡು ಆಮೇಲೆ ಬಿಚ್ಚು. ಈ ಕಿವಿಮಾತಿನ ಸಾರವೆಲ್ಲ ಇಷ್ಟೇ.

ಇದು ಬರೀ ನಿನ್ನ ತಾಸಿನ ಬಾಡಿಗೆಯ ಪ್ರಶ್ನೆಯಲ್ಲ. ನಮ್ಮ ಕಾಲುವೆಗೆ ನೀರು ಕೊಡುವ ತುಂಗಭದ್ರಾ ಜಲಾಶಯ 1953ರಲ್ಲಿ ಮುಗಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಸೀಮೆಗೆ ಸೀಮೆಯೇ ದಿಗಿಲುಬಿದ್ದಿತ್ತು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಮೇಲಿನವರ ಹೊಲ ಏರುತಗ್ಗಾಗಿದ್ದರೆ ಕೊನೆಯವರ ತೂಬಿಗೆ ನೀರು ಮುಟ್ಟುವುದಿಲ್ಲ. ಒಂದು ಎಕರೆಯಲ್ಲಿ ಒಂದು ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 40 ಸಾವಿರ ಲೀಟರ್ ಬೇಕು. ಹೊಲದ ಒಂದು ಮೂಲೆ ಐದು ಸೆಂಟಿಮೀಟರ್ ಎತ್ತರವಿದ್ದರೆ, ಆ ಮೂಲೆಯ ಸಸಿ ನೆನೆಯಲೆಂದು ಉಳಿದ ಎಕರೆಗೆಲ್ಲ ಎರಡು ಲಕ್ಷ ಲೀಟರ್ ಹೆಚ್ಚು ನೀರು ತುಂಬಬೇಕಾಗುತ್ತದೆ. ತಗ್ಗಿನಲ್ಲಿ ನಿಂತ ನೀರು ಮುಂದೆ ಜೌಗಾಗಿ, ಸವಳಾಗಿ ಮೇಲೇಳುತ್ತದೆ. ಆದ್ದರಿಂದ ನಿನ್ನ ಬಕೆಟ್ ತಪ್ಪಿದರೆ ಅದರ ದಂಡ ಕಟ್ಟುವವನು ರೈತ.

ಮೊದಲು ಯಂತ್ರದ ದಾರಿ ತಿಳಿದುಕೊ

• ಈ ಯಂತ್ರದಲ್ಲಿ ಸುದ್ದಿ ಸಾಗುವ ದಾರಿ ಒಂದೇ. ಸ್ಟ್ಯಾಂಡಿನ ಮೇಲಿನ ಟ್ರಾನ್ಸ್‌ಮೀಟರ್ ಸುತ್ತುತ್ತ ಹೊಲದ ಮೇಲೆಲ್ಲ ಒಂದೇ ಮಟ್ಟದಲ್ಲಿ ಕಿರಣ ಹಾಯಿಸುತ್ತದೆ. ಬಕೆಟ್ಟಿನ ಕಂಬದ ಮೇಲಿನ ರಿಸೀವರ್ ಅದನ್ನು ಹಿಡಿಯುತ್ತದೆ. ನಿನ್ನ ಪಕ್ಕದ ಕಂಟ್ರೋಲ್ ಬಾಕ್ಸ್ 'ಏರಿಸು, ಇಳಿಸು' ಎಂದು ವಾಲ್ವಿಗೆ ಹೇಳುತ್ತದೆ. ವಾಲ್ವ್ ಎಣ್ಣೆ ಬಿಡುತ್ತದೆ, ಸಿಲಿಂಡರ್ ಬಕೆಟ್ ಎತ್ತುತ್ತದೆ. ಈ ಸಾಲನ್ನು ಬಾಯಿಪಾಠ ಮಾಡು. ಯಂತ್ರದ ದೋಷ ಬಹುಮಟ್ಟಿಗೆ ಈ ಸಾಲಿನ ಒಂದು ಕೊಂಡಿಯಲ್ಲೇ ಇರುತ್ತದೆ.

• ಬಕೆಟ್ ಮಾತು ಕೇಳದಿದ್ದರೆ ಟ್ರ್ಯಾಕ್ಟರ್ ನಿಲ್ಲಿಸು, ಸ್ವಿಚ್ಚನ್ನು ಆಟೋದಿಂದ ಮ್ಯಾನುವಲ್‌ಗೆ ತಿರುಗಿಸು. ಕೈಯಿಂದ ಏರಿಸಿ ಇಳಿಸಿ ನೋಡು. ಎರಡೂ ಸರಾಗ ನಡೆದರೆ ಎಣ್ಣೆ, ವಾಲ್ವ್, ಸಿಲಿಂಡರ್ ಚೆನ್ನಾಗಿವೆ, ತಪ್ಪು ರಿಸೀವರಿನಲ್ಲೋ ಅದರ ಕೇಬಲಿನಲ್ಲೋ ಟ್ರಾನ್ಸ್‌ಮೀಟರಿನಲ್ಲೋ ಇದೆ. ಕೈಯಿಂದಲೂ ಕದಲದಿದ್ದರೆ ರಿಸೀವರನ್ನು ಮುಟ್ಟುವ ಕೆಲಸವೇ ಇಲ್ಲ. ಕರೆಂಟು, ವಾಲ್ವ್, ಎಣ್ಣೆ ನೋಡು. ಈ ಒಂದು ಪರೀಕ್ಷೆಯಿಂದ ಅರ್ಧ ಯಂತ್ರ ಲೆಕ್ಕದಿಂದ ಹೊರಗೆ ಹೋಗುತ್ತದೆ.

• ಒಂದು ಸಲಕ್ಕೆ ಒಂದನ್ನೇ ಬದಲಿಸು. ಸ್ಕ್ರೂ ತಿರುಗಿಸಿ, ಫ್ಯೂಸ್ ಹಾಕಿ, ಕೇಬಲ್ ಬದಲಿಸಿ ಎಲ್ಲ ಒಟ್ಟಿಗೇ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಅದೇ ಗೋಳು.

ಕರೆಂಟಿನ ತಕರಾರು

• ಸೀಟಿನ ಕೆಳಗೆ ಒಂದು ಮಲ್ಟಿಮೀಟರ್ ಇರಲಿ. ಇಂಜಿನ್ ಬಂದ್ ಇದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ತೋರಿಸಿದರೆ ಅರ್ಧ ಖಾಲಿಯಾಗಿದೆ. ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಬ್ಯಾಟರಿಯಲ್ಲಿ 14 ಇದ್ದು, ಬಕೆಟ್ ಏರಿಸುವಾಗ ಬಾಕ್ಸಿನ ಪ್ಲಗ್ಗಿನಲ್ಲಿ 11ಕ್ಕೆ ಇಳಿದರೆ ಬಾಕ್ಸ್ ಬದಲಿಸಬೇಡ. ನಡುವಿನ ವೈರ್ ಅಥವಾ ಕೂಡುಗಂಟು ಕೆಟ್ಟಿದೆ.

• ಕಂಟ್ರೋಲ್ ಬಾಕ್ಸಿಗೆ ಬ್ಯಾಟರಿಯಿಂದಲೇ ನೇರ ವೈರ್ ಎಳೆ, ಅದಕ್ಕೇ ಬೇರೆ ಫ್ಯೂಸ್ ಹಾಕು. ಹಾರ್ನಿನ ವೈರಿಗೋ ಲೈಟಿನ ವೈರಿಗೋ ಗಂಟು ಹಾಕಿದರೆ ರಾತ್ರಿ ಲೈಟು ಹೊತ್ತಿಸಿದ ಕೂಡಲೇ ಬಾಕ್ಸ್ ಮಂಕಾಗುತ್ತದೆ.

• ಫ್ಯೂಸ್ ಸುಟ್ಟರೆ ಅಷ್ಟೇ ಆಂಪಿಯರಿನ ಇನ್ನೊಂದು ಹಾಕು. ತಂತಿ ಸುತ್ತಿ ಕೆಲಸ ಮುಗಿಸಬೇಡ. ಎರಡನೆಯದೂ ಸುಟ್ಟರೆ ಎಲ್ಲೋ ವೈರಿನ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ ಎಂದೇ ತಿಳಿ. ಬಕೆಟ್ ಮಡಚುವ ಜಾಗದಲ್ಲಿ, ಪಿನ್ನಿನ ಪಕ್ಕದಲ್ಲಿ ಕೈಯಾಡಿಸಿ ನೋಡು. ವೈರ್ ಸವೆಯುವುದು ಅಲ್ಲೇ.

• ಅರ್ಥ್ ಬೋಲ್ಟನ್ನು ಯಾರೂ ನೆನೆಸುವುದಿಲ್ಲ. ಅದನ್ನು ಬಿಚ್ಚಿ, ತುಕ್ಕು ಹಿಡಿದ ಜಾಗವನ್ನು ಉಪ್ಪುಕಾಗದದಿಂದ ಕಬ್ಬಿಣ ಮಿನುಗುವ ತನಕ ಉಜ್ಜಿ ಬಿಗಿ ಮಾಡು. ಪ್ಲಗ್ಗಿನೊಳಗಿನ ಪಿನ್ನುಗಳನ್ನೂ ಬೆಳಕಿಗೆ ಹಿಡಿದು ನೋಡು. ಹಸಿರು ಕಿಲುಬು ಹಿಡಿದಿದ್ದರೆ ಕರೆಂಟು ದಾಟುವುದಿಲ್ಲ. ಗದ್ದೆಯ ತೇವ, ಗೊಬ್ಬರದ ಧೂಳು ಎರಡೂ ಸೇರಿದರೆ ಒಂದೇ ಹಂಗಾಮಿನಲ್ಲಿ ಕಿಲುಬು ಕೂಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಆಮೇಲೆ ಪ್ಲಗ್ ಕೂಡಿಸು.

• ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಕಂಟ್ರೋಲ್ ಬಾಕ್ಸ್, ರಿಸೀವರ್ ಎರಡರ ಪ್ಲಗ್ಗನ್ನೂ ಕಿತ್ತಿಡು, ಬ್ಯಾಟರಿಯ ವೈರನ್ನೂ ಕಳಚು. ವೆಲ್ಡಿಂಗಿನ ಕರೆಂಟು ಬಾಕ್ಸಿನೊಳಗೆ ಹೊಕ್ಕರೆ ಸಾವಿರಗಟ್ಟಲೆ ರೂಪಾಯಿ ಒಂದು ಕ್ಷಣದಲ್ಲಿ ಹೋಗುತ್ತದೆ.

ಕಿರಣ ಮತ್ತು ರಿಸೀವರ್

• ಬಾಕ್ಸಿನ ದೀಪಗಳನ್ನು ಓದುವುದು ಕಲಿ. ಟ್ರಾನ್ಸ್‌ಮೀಟರ್ ಓಡುತ್ತಿರಲಿ, ಸ್ವಿಚ್ ಮ್ಯಾನುವಲ್‌ನಲ್ಲಿರಲಿ. ಬಕೆಟ್ಟನ್ನು ಹಗೂರ ಕೆಳಗಿನಿಂದ ಮೇಲಕ್ಕೆ ಎತ್ತು. ಒಂದು ಬಾಣ, ನಡುವಿನ ಗೆರೆ, ಇನ್ನೊಂದು ಬಾಣ ಹೀಗೆ ಸಾಲಾಗಿ ದೀಪ ದಾಟಿ ಹೋಗಬೇಕು. ನಡುವೆ ಒಂದು ದೀಪ ತಪ್ಪಿದರೆ ರಿಸೀವರಿನ ಆ ಭಾಗಕ್ಕೆ ರಾಡಿ ಮೆತ್ತಿದೆ ಅಥವಾ ಅದು ಕೆಟ್ಟಿದೆ. ಒಂದೂ ಹೊತ್ತದಿದ್ದರೆ ಕಿರಣವೇ ಮುಟ್ಟುತ್ತಿಲ್ಲ, ಇಲ್ಲವೇ ಕೇಬಲ್ ತುಂಡಾಗಿದೆ.

• ರಿಸೀವರಿನ ಗಾಜನ್ನು ದಿನಕ್ಕೆರಡು ಸಲ ಒರೆಸು, ಒದ್ದೆ ಮೆತ್ತನೆಯ ಬಟ್ಟೆಯಿಂದ. ಎರೆಮಣ್ಣಿನ ಧೂಳನ್ನು ಒಣಬಟ್ಟೆಯಿಂದ ತಿಕ್ಕಿದರೆ ಗಾಜಿಗೆ ಗೀರು ಬೀಳುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ.

• ಟ್ರಾನ್ಸ್‌ಮೀಟರೂ ರಿಸೀವರೂ ನಿನ್ನ ತಲೆಗಿಂತ, ಟ್ರ್ಯಾಕ್ಟರಿನ ಮೇಲ್ಛಾವಣಿಗಿಂತ ಎತ್ತರದಲ್ಲಿರಬೇಕು. ಯಾವುದೋ ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಬಕೆಟ್ ತಪ್ಪುತ್ತಿದ್ದರೆ ಅಡ್ಡ ಬರುತ್ತಿರುವುದು ನಿನ್ನ ಟ್ರ್ಯಾಕ್ಟರೇ.

• ಸ್ಟ್ಯಾಂಡಿನ ಕಾಲನ್ನು ಬಿರುಕುಬಿಟ್ಟ ಎರೆಮಣ್ಣಿನ ಮೇಲೆ ಊರಬೇಡ. ಒಡ್ಡಿನ ಗಟ್ಟಿ ನೆಲವನ್ನೋ ಬಂಡಿದಾರಿಯ ಅಂಚನ್ನೋ ಹುಡುಕು. ಮೂರು ಕಾಲುಗಳ ನಡುವೆ ಕಲ್ಲು ತುಂಬಿದ ಚೀಲವೊಂದನ್ನು ತೂಗುಬಿಡು. ಬೇಸಿಗೆಯ ಬಿರುಸು ಗಾಳಿಗೆ ಸ್ಟ್ಯಾಂಡ್ ಅಲುಗಿದರೆ ಕೆಲವು ಟ್ರಾನ್ಸ್‌ಮೀಟರ್ ತಾನೇ ನಿಂತುಬಿಡುತ್ತದೆ. ಅದು ಕೆಟ್ಟಿದ್ದಲ್ಲ, ಮಟ್ಟ ತಪ್ಪಿದ್ದನ್ನು ನಿನಗೆ ಹೇಳುತ್ತಿದೆ. ಮತ್ತೆ ಮಟ್ಟ ಕೂಡಿಸಿ, ಮೊದಲು ಗುರುತು ಮಾಡಿದ ಜಾಗದಲ್ಲಿ ಎತ್ತರ ಅಳೆದು ನೋಡಿ, ಆಮೇಲೆ ಕೆಲಸ ಮುಂದುವರಿಸು.

• ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಯಲು ಎರೆಹೊಲದ ಮೇಲೆ ಝಳ ಕುಣಿಯುತ್ತದೆ. ಆ ಝಳದಲ್ಲಿ ಕಿರಣವೂ ನಡುಗುತ್ತದೆ, ದೂರ ಹೋದಷ್ಟೂ ಹೆಚ್ಚು. ಕಂಪನಿ ಹೇಳಿದ ದೂರದ ಅರ್ಧದೊಳಗೇ ಕೆಲಸ ಮಾಡು. ಕೊನೆಯ ಕೈ ಹಾಕುವುದನ್ನು ಮುಂಜಾನೆಗೋ ಸಂಜೆಗೋ ಇಟ್ಟುಕೊ.

• ಪಕ್ಕದ ಹೊಲದಲ್ಲಿ ಇನ್ನೊಂದು ಲೆವೆಲರ್ ಓಡುತ್ತಿದೆಯೇ ನೋಡು. ನಿನ್ನ ರಿಸೀವರಿಗೆ ನಿನ್ನ ಕಿರಣ ಯಾವುದು, ಅವರದು ಯಾವುದು ಎಂಬ ಭೇದ ತಿಳಿಯದೆ ಬಕೆಟ್ ದಿಕ್ಕು ಕೆಟ್ಟಂತೆ ಕುಣಿಯಬಹುದು. ಸುಗ್ಗಿಯ ನಂತರ ಕ್ಯಾಂಪು ಊರುಗಳ ಸುತ್ತ ಯಂತ್ರಗಳು ಒತ್ತೊತ್ತಾಗಿ ಓಡುವಾಗ ಇದನ್ನು ಮೊದಲು ಅನುಮಾನಿಸು. ಆ ಡ್ರೈವರಿನೊಡನೆ ಮಾತಾಡಿ, ಇಬ್ಬರ ಸ್ಟ್ಯಾಂಡಿನ ಎತ್ತರವನ್ನೂ ಬೇರೆ ಬೇರೆ ಮಾಡಿಕೊಳ್ಳಿ. ತಗಡಿನ ಶೆಡ್ಡು, ಲಾರಿಯ ಗಾಜು ಕೂಡ ಕಿರಣವನ್ನು ಹಿಂದಕ್ಕೆ ಎಸೆಯುತ್ತವೆ.

• ಹಂಗಾಮು ಶುರುವಾಗುವ ಮೊದಲು ಟ್ರಾನ್ಸ್‌ಮೀಟರನ್ನು ಪರೀಕ್ಷೆ ಮಾಡು. ಗಟ್ಟಿ ನೆಲದಲ್ಲಿ ನಿಲ್ಲಿಸಿ, 60 ಮೀಟರ್ ದೂರದ ಗೋಡೆಯ ಮೇಲೆ ಕಿರಣದ ಎತ್ತರವನ್ನು ಗುರುತು ಮಾಡು. ಟ್ರಾನ್ಸ್‌ಮೀಟರನ್ನು ಅದೇ ಸ್ಟ್ಯಾಂಡಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಮಟ್ಟ ಕೂತ ಮೇಲೆ ಮತ್ತೆ ಗುರುತು ಹಾಕು. ಎರಡೂ ಒಂದೇ ಕಡೆ ಬಿದ್ದರೆ ಆ ದಿಕ್ಕಿನಲ್ಲಿ ಯಂತ್ರ ನೆಟ್ಟಗಿದೆ. ಬೇರೆ ಬಿದ್ದರೆ ವ್ಯತ್ಯಾಸದ ಅರ್ಧದಷ್ಟು ತಪ್ಪಿದೆ. ಆಮೇಲೆ ಕಾಲು ಸುತ್ತು ತಿರುಗಿಸಿ ಅಡ್ಡ ದಿಕ್ಕಿಗೂ ಇದೇ ಪರೀಕ್ಷೆ ಮಾಡು. ತಪ್ಪು ಕಂಡರೆ ನೀನು ಬಿಚ್ಚಬೇಡ, ಸರ್ವಿಸಿಗೆ ಕಳಿಸು. ಕಿರಣಕ್ಕೆ ಕಣ್ಣಿಟ್ಟು ನೋಡುವ ಚಾಳಿಯಂತೂ ಬೇಡವೇ ಬೇಡ.

ವಾಲ್ವ್ ಮತ್ತು ಎಣ್ಣೆ

• ಬಕೆಟ್ ಏರುತ್ತದೆ, ಇಳಿಯುವುದಿಲ್ಲ ಎನ್ನುವ ದೋಷಕ್ಕೆ ಸುಲಭದ ಪರೀಕ್ಷೆಯಿದೆ. ವಾಲ್ವಿನ ಮೇಲೆ ಎರಡು ಕಾಯಿಲ್ ಇರುತ್ತವೆ, ಒಂದು ಏರಿಸಲು, ಒಂದು ಇಳಿಸಲು. ಎರಡರ ಪ್ಲಗ್ಗನ್ನೂ ಅದಲುಬದಲು ಮಾಡು. ಈಗ ಬಕೆಟ್ ಇಳಿದು, ಏರಲಾರದೆ ನಿಂತರೆ ಕೆಟ್ಟದ್ದು ವೈರ್ ಅಥವಾ ಬಾಕ್ಸ್. ಈಗಲೂ ಏರುವುದು ಮಾತ್ರ ನಡೆದರೆ ಕೆಟ್ಟದ್ದು ಕಾಯಿಲ್ ಅಥವಾ ವಾಲ್ವ್. ನೋಡಿಯಾದ ಮೇಲೆ ಪ್ಲಗ್ಗುಗಳನ್ನು ಮೊದಲಿನ ಜಾಗಕ್ಕೇ ಹಾಕು, ಮರೆತರೆ ಆಟೋದಲ್ಲಿ ಬಕೆಟ್ ಎಲ್ಲವನ್ನೂ ಉಲ್ಟಾ ಮಾಡುತ್ತದೆ.

• ಕಾಯಿಲ್ಲಿಗೆ ಕರೆಂಟು ಬರುತ್ತಿದೆಯೇ ಎಂದು ತಿಳಿಯಲು ಅದರ ತಲೆಯ ನಟ್ಟಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿ, ಜೊತೆಗಾರನಿಗೆ ಬಟನ್ ಒತ್ತಲು ಹೇಳು. ತುದಿಯನ್ನು ಎಳೆದುಕೊಂಡರೆ ಕರೆಂಟು ಬಂದಿದೆ. ಆದರೂ ಬಕೆಟ್ ಕದಲದಿದ್ದರೆ ವಾಲ್ವಿನೊಳಗೆ ಕಸ ಸಿಕ್ಕಿರಬಹುದು.

• ಬಕೆಟ್ ಒಂದೇ ಸಮನೆ ಏರಿಳಿಯುತ್ತ ನಡುಗುತ್ತಿದ್ದರೆ ಮೊದಲು ಕಂಬ ಹಿಡಿದು ಅಲುಗಿಸಿ ನೋಡು. ಕಂಬದ ಬೋಲ್ಟ್ ಸಡಿಲಿದ್ದರೆ ರಿಸೀವರ್ ತೂಗುತ್ತದೆ, ಬಾಕ್ಸ್ ಅದನ್ನೇ ನಂಬಿ ಬಕೆಟ್ಟನ್ನು ಕುಣಿಸುತ್ತದೆ. ಬೋಲ್ಟ್ ಬಿಗಿಯಿದ್ದರೆ ಪಿನ್ನು, ಬುಷ್ಷು ಸವೆದಿವೆಯೇ ನೋಡು. ಅವೂ ಸರಿಯಿದ್ದರೆ ಎಣ್ಣೆ ಅತಿ ವೇಗವಾಗಿ ಹರಿಯುತ್ತಿದೆ. ವಾಲ್ವಿನ ವೇಗದ ಸ್ಕ್ರೂವನ್ನು ಕಾಲು ಸುತ್ತು ಕಡಿಮೆ ಮಾಡಿ ನೋಡು, ಮತ್ತೆ ಕಾಲು ಸುತ್ತು. ಕೆಲವು ಬಾಕ್ಸುಗಳಲ್ಲಿ ಎಷ್ಟು ನಿಖರ ಬೇಕು ಎಂದು ಆಯುವ ಸ್ವಿಚ್ಚಿದೆ. ಮೊದಲ ಸಲ ಮಣ್ಣು ಎಳೆಯುವಾಗ ಸಡಿಲ ಮಟ್ಟ ಸಾಕು, ಕೊನೆಯ ಕೈಗೆ ಬಿಗಿ ಮಾಡು.

• ಬಕೆಟ್ ತಡವಾಗಿ ಓಗೊಡುತ್ತಿದ್ದರೆ ಗೇರು ಇಳಿಸು. ನೀನು ಮುಂದೆ ಹೋಗಿಬಿಟ್ಟ ಮೇಲೆ ಬಕೆಟ್ ಏಳುತ್ತಿದೆ. ಆಮೇಲೆ ಎಣ್ಣೆಯ ಮಟ್ಟ, ಫಿಲ್ಟರ್ ನೋಡು.

• ಎಣ್ಣೆಯ ಬಣ್ಣ ನೋಡು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ನೊರೆ ಬಂದಿದ್ದರೆ ಗಾಳಿ ಹೊಕ್ಕಿದೆ. ಕೇಜ್‌ವೀಲ್ ಹಾಕಿ ರಾಡಿ ಹೊಡೆದ ಟ್ರ್ಯಾಕ್ಟರನ್ನೇ ಲೆವೆಲರಿಗೂ ಕಟ್ಟುವವರು ಇದನ್ನು ತಪ್ಪದೆ ನೋಡಬೇಕು.

• ಹೋಸ್ ಪೈಪಿನ ಕಪ್ಲಿಂಗನ್ನು ನೆಲಕ್ಕೆ ಬಿಡಬೇಡ. ಬಿಚ್ಚಿದೊಡನೆ ಮುಚ್ಚಳ ಹಾಕು, ಕೂಡಿಸುವಾಗ ಎರಡೂ ಮುಖ ಒರೆಸು. ಅಲ್ಲಿ ಮೆತ್ತಿದ ಚಿಟಿಕೆ ಮಣ್ಣು ನೇರ ವಾಲ್ವಿನೊಳಗೆ ಹೋಗುತ್ತದೆ. ಕಪ್ಲಿಂಗ್ ಪೂರ್ತಿ ಕೂಡದಿದ್ದರೂ ಬಕೆಟ್ ಏಳುವುದಿಲ್ಲ. ಹೈಡ್ರಾಲಿಕ್ ಲಿವರ್ ಸರಿಯಾದ ಜಾಗದಲ್ಲಿದೆಯೇ ಎಂಬುದನ್ನೂ ನೋಡು.

ಯಂತ್ರದ ತಪ್ಪಲ್ಲ, ಮಣ್ಣಿನದು, ಲೆಕ್ಕದ್ದು

• ಬಕೆಟ್ ಯಾವಾಗಲೂ ತುಂಬಿ ತುಳುಕುತ್ತಿದೆಯೇ, ಇಲ್ಲವೇ ಯಾವಾಗಲೂ ಖಾಲಿ ಓಡುತ್ತಿದೆಯೇ? ಯಂತ್ರ ಸರಿಯಿದೆ, ನೀನು ಕೊಟ್ಟ ಮಟ್ಟ ತಪ್ಪಿದೆ. ಹೊಲವನ್ನು ಹತ್ತು ಹದಿನೈದು ಮೀಟರಿಗೊಂದು ಜಾಗದಂತೆ ಅಳೆದು ಸರಾಸರಿ ತೆಗೆ. ಐದು ಜಾಗದ ಅಳತೆ 148, 152, 150, 155, 145 ಸೆಂಟಿಮೀಟರ್ ಬಂದರೆ ಸರಾಸರಿ 150. ನೆಲದಿಂದ ಕಿರಣದವರೆಗೆ ಅಳೆಯುವುದರಿಂದ 155 ಬಂದದ್ದು ತಗ್ಗು, ಅಲ್ಲಿ ಐದು ಸೆಂಟಿಮೀಟರ್ ಮಣ್ಣು ಬೀಳಬೇಕು. 145 ಬಂದದ್ದು ದಿಬ್ಬ, ಅಲ್ಲಿ ಐದು ಕೆತ್ತಬೇಕು. ಇದನ್ನು ತಿರುವುಮುರುವು ಮಾಡಿದರೆ ದಿನದ ಡೀಸೆಲ್ ವ್ಯರ್ಥ.

• ಎರೆಹೊಲ ಹಸಿಯಿದ್ದಾಗ ಕೆಲಸ ಒಪ್ಪಬೇಡ. ಒಂದು ಹಿಡಿ ಮಣ್ಣು ತೆಗೆದು ಅದುಮು. ಉಂಡೆಯಾಗಿ ಕೈಗೆ ಅಂಟಿದರೆ ಬ್ಲೇಡಿಗೂ ಅಂಟುತ್ತದೆ, ಗಾಲಿ ಜಾರುತ್ತದೆ, ಬಕೆಟ್ ಮಣ್ಣನ್ನು ಉದುರಿಸುವುದೇ ಇಲ್ಲ. ಪುಡಿಯಾದರೆ ಕೆಲಸ ಶುರುಮಾಡು. ಮೊದಲು ಉಳುಮೆ ಮಾಡಿ ಹೆಂಟೆ ಒಡೆಸಿರಬೇಕು.

• ಲಿಂಗಸುಗೂರು ಕಡೆಯ ಮಸಾರಿಯಲ್ಲಿ ಕಲ್ಲಿನ ಭಯ. ಮೊದಲು ಹೊಲದಲ್ಲಿ ನಡೆದಾಡಿ ಕಲ್ಲು ಆಯಿಸು. ಬ್ಲೇಡಿನ ಒಂದು ತುದಿ ಬಾಗಿದರೆ ರಿಸೀವರ್ ಎಷ್ಟೇ ನೆಟ್ಟಗಿದ್ದರೂ ಹೊಲ ಓರೆಯಾಗುತ್ತದೆ. ಬಕೆಟ್ಟಿನ ಎರಡೂ ತುದಿಯನ್ನು ನೆಲದಿಂದ ಅಳೆದು ನೋಡು, ಎರಡೂ ಒಂದೇ ಇರಬೇಕು. ಟೈರಿನ ಗಾಳಿ ಎರಡೂ ಕಡೆ ಸಮ ಇರಲಿ.

• ಮಸ್ಕಿಯ ಇಳಿಜಾರು ಹೊಲಗಳನ್ನು ಒಂದೇ ಮಟ್ಟಕ್ಕೆ ತರಲು ಹಟ ಮಾಡಬೇಡ. ಹೆಚ್ಚು ಕೆತ್ತಿದರೆ ಮೇಲಿನ ಫಲವತ್ತಾದ ಮಣ್ಣು ಹೋಗಿ ಕೆಳಗಿನ ಸತ್ವವಿಲ್ಲದ ಮಣ್ಣು ಮೇಲೆ ಬರುತ್ತದೆ, ಅಲ್ಲಿ ಬೆಳೆ ವರ್ಷಗಟ್ಟಲೆ ಸೊರಗುತ್ತದೆ. ಹೊಲವನ್ನು ಮಡಿಗಳಾಗಿ ಒಡೆದು, ಒಂದೊಂದು ಮಡಿಯನ್ನು ಬೇರೆ ಬೇರೆಯಾಗಿ ಮಟ್ಟ ಮಾಡಲು ರೈತನಿಗೆ ಹೇಳು.

• ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಹೊಸದಾಗಿ ತುಂಬಿದ ಜಾಗ ಮೊದಲ ನೀರಿಗೆ ಕುಸಿದೇ ಕುಸಿಯುತ್ತದೆ. ಇದನ್ನು ಕೆಲಸ ಹಿಡಿಯುವಾಗಲೇ ರೈತನಿಗೆ ತಿಳಿಸಿ, ಮುಂದಿನ ಹಂಗಾಮಿಗೆ ಹಗುರವಾಗಿ ಇನ್ನೊಂದು ಕೈ ಬೇಕಾದೀತು ಎಂದು ಹೇಳಿಬಿಡು.

ಜೀವ ದೊಡ್ಡದು

• ಎತ್ತಿದ ಬಕೆಟ್ಟಿನ ಕೆಳಗೆ ಕೈ ಹಾಕುವ ಮೊದಲು ಇಂಜಿನ್ ಬಂದ್ ಮಾಡು, ಬಾಕ್ಸಿನ ಸ್ವಿಚ್ ಆಫ್ ಮಾಡು, ಬಕೆಟ್ಟಿಗೆ ಗಟ್ಟಿ ಮರದ ದಿಮ್ಮಿ ಕೊಡು. ಆಟೋದಲ್ಲಿ ಬಿಟ್ಟರೆ ಯಾರೋ ಕಿರಣಕ್ಕೆ ಅಡ್ಡ ಬಂದರೂ ಸಾಕು, ಬಕೆಟ್ ಯಾವ ಕಡೆ ಓಡುತ್ತದೆಂದು ಹೇಳಲಾಗದು.

• ಹೋಸ್ ಪೈಪು ಸೋರುವ ಜಾಗವನ್ನು ಕೈಯಿಂದ ತಡವಬೇಡ. ರಟ್ಟಿನ ತುಂಡು ಹಿಡಿದು ನೋಡು. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗು, ಎಣ್ಣೆ ಹೊಕ್ಕಿದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳು.

• ಹೊಲದಲ್ಲಿ ಆಡುವ ಮಕ್ಕಳನ್ನು ಒಡ್ಡಿನಾಚೆ ಕಳಿಸಿ, ಆಮೇಲೆ ಟ್ರ್ಯಾಕ್ಟರ್ ಎಬ್ಬಿಸು. ಬಕೆಟ್ಟಿನ ಮೇಲೆ ಯಾರನ್ನೂ ಕೂಡಿಸಬೇಡ.

ಸ್ಟೇರಿಂಗ್ ತಾನೇ ತಿರುಗುವ ಟ್ರ್ಯಾಕ್ಟರ್ ಬಂದರೆ

• ಸ್ಟೇರಿಂಗ್ ಚಕ್ರಕ್ಕೆ ಮೋಟಾರು ಕೂಡಿಸಿ, ಉಪಗ್ರಹದ ಸುಳಿವು ಹಿಡಿದು ಟ್ರ್ಯಾಕ್ಟರನ್ನು ನೇರ ಸಾಲಿನಲ್ಲಿ ಓಡಿಸುವ ಕಿಟ್ಟುಗಳೂ ಈಗ ಬಂದಿವೆ. ಈ ಕಿಟ್ಟಿಗೂ ಲೆವೆಲರಿಗೆ ಹೇಳಿದ ಪರೀಕ್ಷೆಯ ಕ್ರಮವೇ. ಸಾಲು ಹಾವಿನಂತೆ ಹರಿದರೆ ಮೊದಲು ಮೋಟಾರನ್ನು ಬಿಡಿಸಿ ಕೈಯಿಂದ ಓಡಿಸಿ ನೋಡು. ಸ್ಟೇರಿಂಗಿನಲ್ಲಿ ಆಟ ಜಾಸ್ತಿಯಿದ್ದರೆ ಯಾವ ಯಂತ್ರವೂ ಅದನ್ನು ನೇರ ಓಡಿಸಲಾರದು. ಟೈ ರಾಡು, ಬಾಲ್ ಜಾಯಿಂಟು ಮೊದಲು ಸರಿಮಾಡಿಸು.

• ಮೇಲ್ಛಾವಣಿಯ ಆಂಟೆನಾ ಅಲುಗದಂತೆ ಬಿಗಿಯಿರಲಿ. ಚಕ್ರದ ಕೋನ ಅಳೆಯುವ ಸೆನ್ಸರಿಗೆ ರಾಡಿ ಮೆತ್ತಿದೆಯೇ ನೋಡು. ಟೈರು ಬದಲಿಸಿದ ಮೇಲೆ ಕಂಪನಿ ಹೇಳಿದಂತೆ ಸಮನೆಲದಲ್ಲಿ ಮತ್ತೆ ಹೊಂದಿಸು. ಒಡ್ಡು ಹತ್ತಿರ ಬಂದಾಗ ಕೈ ಚಕ್ರದ ಮೇಲೇ ಇರಲಿ.

ಕೊನೆಯದಾಗಿ ಇಷ್ಟು ಮಾಡು ತಮ್ಮಾ. ಒಂದು ನೋಟ್‌ಬುಕ್ ಇಟ್ಟುಕೊಂಡು ಯಾವ ತಾರೀಖಿಗೆ ಯಾವ ದೋಷ ಬಂತು, ಯಾವುದರಿಂದ ಸರಿಹೋಯಿತು ಎಂದು ಬರೆದಿಡು. ನಿನ್ನ ಕೈ ಮೀರಿದ್ದಾದರೆ ತಿಳಿದವರನ್ನು ಕೇಳಲು ಸಂಕೋಚ ಬೇಡ. ರೈತ ಸಂಪರ್ಕ ಕೇಂದ್ರ, ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಎಲ್ಲವೂ ನಮ್ಮ ಜಿಲ್ಲೆಯೊಳಗೇ ಇವೆ. ಯಂತ್ರ ಸರಿಯಿಲ್ಲ ಎಂದು ಗೊತ್ತಿದ್ದೂ ತಾಸಿನ ಲೆಕ್ಕ ಓಡಿಸಬೇಡ, ರೈತನಿಗೆ ನಿಜ ಹೇಳಿ ಕೆಲಸ ನಿಲ್ಲಿಸು. ನೀನು ಮಟ್ಟ ಮಾಡಿದ ಹೊಲ ಮೇಲಿನದಾದರೂ ಅದರಿಂದ ಉಳಿಯುವ ನೀರು ಕಾಲುವೆಯ ಕೊನೆಯ ರೈತನದು. ಆ ನೀರು ಅವನಿಗೆ ಮುಟ್ಟುವಂತೆ ಕೆಲಸ ಮಾಡು.